ಸಮಾರಿಯದ ದಾರಿ: ನಮ್ಮವರಲ್ಲದವರನ್ನು ಪ್ರೀತಿಸುವ ಪಾಠ

ಬೆಟ್ಟದ ಮೇಲಿನ ಪುಣ್ಯಕ್ಷೇತ್ರಕ್ಕೆ ಬರುವವರೆಲ್ಲ ಹತ್ತುವುದು ಅದೇ ಮೆಟ್ಟಿಲು. ಎಲ್ಲರಿಗೂ ಅದೇ ಬಿಸಿಲು, ಅದೇ ಏದುಸಿರು, ಅದೇ ದಾಹ. ಆದರೆ ಹತ್ತುವವರು ಒಂದೇ ತರಹದವರಲ್ಲ. ಒಬ್ಬರ ಕೈಯಲ್ಲಿ ಜಪಸರ, ಇನ್ನೊಬ್ಬರ ಹಣೆಯಲ್ಲಿ ಕುಂಕುಮ, ಮತ್ತೊಬ್ಬರ ತಲೆಯ ಮೇಲೆ ಟೋಪಿ. ಒಬ್ಬರದು ಕೊಂಕಣಿ, ಒಬ್ಬರದು ತಮಿಳು, ಒಬ್ಬರದು ಕನ್ನಡ. ಕಾರಿನಲ್ಲಿ ಬಂದವರ ಪಕ್ಕದಲ್ಲೇ ಹಿಂದಿನ ರಾತ್ರಿಯಿಂದ ಬರಿಗಾಲಲ್ಲಿ ನಡೆದು ಬಂದವರು ನಿಂತು ಮೇಣದಬತ್ತಿ ಹಚ್ಚುತ್ತಾರೆ.

ಹತ್ತುವಾಗ ಯಾರಿಗಾದರೂ ಕಾಲು ಜಾರಿದರೆ ಪಕ್ಕದವರು ತಟ್ಟನೆ ಕೈ ಹಿಡಿಯುತ್ತಾರೆ. ಯಾವ ಊರು, ಯಾವ ಜಾತಿ ಅಂತ ಆಗ ಯಾರೂ ಕೇಳುವುದಿಲ್ಲ. ಬೆಟ್ಟ ಇಳಿದು ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಪ್ರಶ್ನೆ ಶುರುವಾಗುತ್ತದೆ. "ತಮ್ಮದು ಯಾವೂರಾಯ್ತು? ಯಾವ ಪೈಕಿ?" ಉತ್ತರ ಕೇಳಿದ ಮೇಲೂ ಮುಖದ ಮೇಲಿನ ನಗು ಹಾಗೇ ಇರುತ್ತದೆ, ಮನಸ್ಸು ಮಾತ್ರ ಅರ್ಧ ಹೆಜ್ಜೆ ಹಿಂದೆ ಸರಿಯುತ್ತದೆ.

ಈ ಪಾಠ ಇರುವುದು ಆ ಅರ್ಧ ಹೆಜ್ಜೆಯ ಬಗ್ಗೆ. ತಮ್ಮವರಲ್ಲದವರನ್ನು ಅಪ್ಪಿಕೊಳ್ಳುವುದು ಅಂದರೇನು ಎಂಬುದನ್ನು ಯೇಸುಸ್ವಾಮಿ ಶಿಷ್ಯರಿಗೆ ಬರೀ ಬಾಯಿಮಾತಿನಲ್ಲಿ ಹೇಳಲಿಲ್ಲ. ಒಂದು ಜನಾಂಗವನ್ನೇ ಮುಂದಿಟ್ಟು ಮತ್ತೆ ಮತ್ತೆ ಕಲಿಸಿದರು. ಆ ಜನಾಂಗವೇ ಸಮಾರಿಯದವರು.

1. ಎರಡು ಬೆಟ್ಟಗಳ ಜಗಳ

ಯೇಸುಸ್ವಾಮಿಯ ಕಾಲದಲ್ಲಿ ಆ ನಾಡಿನ ಉತ್ತರಕ್ಕೆ ಗಲಿಲೇಯ, ದಕ್ಷಿಣಕ್ಕೆ ಜುದೇಯ, ನಡುವೆ ಸಮಾರಿಯ. ಗಲಿಲೇಯದ ಯೆಹೂದ್ಯರು ಹಬ್ಬಕ್ಕೆಂದು ಜೆರುಸಲೇಮಿಗೆ ಹೋಗಬೇಕಾದರೆ ಸಮಾರಿಯವನ್ನು ಹಾದೇ ಹೋಗಬೇಕಿತ್ತು. ಸುಮಾರು ಮೂರು ದಿನದ ನಡಿಗೆ. ಅದು ಬೇಡ ಅಂದರೆ ಯೊರ್ದಾನ್ ನದಿಯ ಕಡೆಯಿಂದ ಸುತ್ತು ಹಾಕಿಕೊಂಡು ಹೋಗಬೇಕು. ಎಷ್ಟೋ ಜನ ಸುತ್ತುದಾರಿಯೇ ವಾಸಿ ಅನ್ನುತ್ತಿದ್ದರು. ಯಾಕೆಂದರೆ ಈ ಎರಡು ಜನಕ್ಕೂ ಹಾವು ಮುಂಗುಸಿಯ ಸಂಬಂಧ.

ಅಷ್ಟಕ್ಕೂ ಇವರು ಬೇರೆ ಬೇರೆ ದೇವರನ್ನು ಪೂಜಿಸುತ್ತಿದ್ದವರಲ್ಲ. ಇಬ್ಬರಿಗೂ ಒಬ್ಬನೇ ದೇವರು, ಇಬ್ಬರಿಗೂ ಮೋಶೆಯ ಧರ್ಮಶಾಸ್ತ್ರ, ಇಬ್ಬರಿಗೂ ಪಾಸ್ಕ ಹಬ್ಬ. ಹಾಗಿದ್ದರೆ ಜಗಳ ಎಲ್ಲಿಂದ ಬಂತು?

ಅರಸ ಸೊಲೊಮೋನನ ನಂತರ ರಾಜ್ಯ ಎರಡು ಹೋಳಾಯಿತು. ಉತ್ತರದ ಹೋಳಿಗೆ ಮುಂದೆ ಸಮಾರಿಯ ರಾಜಧಾನಿಯಾಯಿತು. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದವರು ಆ ರಾಜ್ಯವನ್ನು ಗೆದ್ದು, ಅಲ್ಲಿನ ಬಹಳ ಜನರನ್ನು ಸೆರೆಯೊಯ್ದು, ಬೇರೆ ನಾಡುಗಳ ಜನರನ್ನು ತಂದು ಅಲ್ಲಿ ನೆಲೆಗೊಳಿಸಿದರು. ಆ ಬೆರಕೆಯಿಂದ ಹುಟ್ಟಿದವರೇ ಸಮಾರಿಯದವರು, ಅವರ ರಕ್ತವೂ ಶುದ್ಧವಲ್ಲ, ಭಕ್ತಿಯೂ ಶುದ್ಧವಲ್ಲ ಅಂತ ಯೆಹೂದ್ಯರು ಹೇಳಿದರು. ಸಮಾರಿಯದವರು ಹೇಳಿದ್ದು ಬೇರೆ. ತಾವು ಯೋಸೇಫನ ಮಕ್ಕಳಾದ ಎಫ್ರಯಿಮ್ ಮತ್ತು ಮನಸ್ಸೆಯ ವಂಶದವರು, ದಾರಿ ತಪ್ಪಿದವರು ಜೆರುಸಲೇಮಿನವರೇ ಅಂತ ಅವರ ನಂಬಿಕೆ. ಮೋಶೆಯ ಐದು ಗ್ರಂಥಗಳನ್ನು ಬಿಟ್ಟು ಬೇರೆ ಯಾವ ಪವಿತ್ರಗ್ರಂಥವನ್ನೂ ಅವರು ಒಪ್ಪುವುದಿಲ್ಲ. ದೇವರು ಆರಿಸಿಕೊಂಡ ಸ್ಥಳ ಗೆರಿಜಿಮ್ ಬೆಟ್ಟ ಅನ್ನುತ್ತಾರೆ.

ಗೆರಿಜಿಮ್ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರ. ಈಗಿನ ನಾಬ್ಲಸ್ ಪಟ್ಟಣದ ಪಕ್ಕದಲ್ಲಿದೆ. ಅದರ ಮೇಲೆ ಸಮಾರಿಯದವರ ದೇವಾಲಯವಿತ್ತು. ಕ್ರಿ.ಪೂ. ಎರಡನೇ ಶತಮಾನದ ಕೊನೆಯ ಭಾಗದಲ್ಲಿ ಯೆಹೂದ್ಯರ ನಾಯಕ ಹಿರ್ಕಾನಸ್ ದಂಡೆತ್ತಿ ಬಂದು ಅದನ್ನು ನೆಲಸಮ ಮಾಡಿದ. ಆ ಗಾಯ ಮಾಯಲಿಲ್ಲ. ಯೇಸುಸ್ವಾಮಿ ಇನ್ನೂ ಬಾಲಕನಾಗಿದ್ದ ಕಾಲದಲ್ಲಿ, ಪಾಸ್ಕ ಹಬ್ಬದ ರಾತ್ರಿ ಕೆಲವು ಸಮಾರಿಯದವರು ಗುಟ್ಟಾಗಿ ಜೆರುಸಲೇಮ್ ದೇವಾಲಯಕ್ಕೆ ನುಗ್ಗಿ ಅಲ್ಲಿ ಮನುಷ್ಯರ ಎಲುಬುಗಳನ್ನು ಎರಚಿ ಹೊಲೆ ಮಾಡಿದರು ಅಂತ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ.

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಕ್ರಿ.ಶ. 50ರ ಆಸುಪಾಸಿನಲ್ಲಿ ಹಬ್ಬಕ್ಕೆ ಹೊರಟಿದ್ದ ಗಲಿಲೇಯದ ಯಾತ್ರಿಕರನ್ನು ಸಮಾರಿಯದ ಗಡಿಯ ಒಂದು ಹಳ್ಳಿಯಲ್ಲಿ ಕೊಂದರು. ಸೇಡಿಗಾಗಿ ಯೆಹೂದ್ಯರ ಗುಂಪುಗಳು ಸಮಾರಿಯದ ಹಳ್ಳಿಗಳಿಗೆ ಬೆಂಕಿ ಇಟ್ಟವು. ವಿಷಯ ರೋಮಿನ ಚಕ್ರವರ್ತಿಯ ತನಕ ಹೋಯಿತು. ಇಲ್ಲಿ ಸತ್ತವರು ಯಾತ್ರಿಕರು ಎಂಬುದನ್ನು ಬೆಟ್ಟ ಹತ್ತಿ ಬಂದ ಯಾತ್ರಿಕರು ಗಮನಿಸಬೇಕು. ದೇವರ ದರ್ಶನಕ್ಕೆ ಹೊರಟವರನ್ನು ಅದೇ ದೇವರ ಹೆಸರು ಹೇಳುವವರೇ ಕೊಂದರು. ಜನ ಬೇರೆ, ಬೆಟ್ಟ ಬೇರೆ, ಅಷ್ಟೇ ಕಾರಣ.

ಶುಭಸಂದೇಶದಲ್ಲಿ 'ಸಮಾರಿಯದವನು' ಎಂಬ ಮಾತು ಬಂದಾಗಲೆಲ್ಲ ಇಷ್ಟೂ ಚರಿತ್ರೆಯನ್ನು ನೆನಪಿಟ್ಟುಕೊಳ್ಳಬೇಕು. ಈಗ ಆ ಹೆಸರು ಕೇಳಿದರೆ ದಯೆ ಎಂಬ ಅರ್ಥ ಹೊಳೆಯುತ್ತದೆ. ಆಗ ಅದು ಬೈಗುಳವಾಗಿತ್ತು. ಒಮ್ಮೆ ಯೇಸುಸ್ವಾಮಿಯನ್ನೇ ವಿರೋಧಿಗಳು ಹಾಗೆ ಬೈದರು: ನೀನು ಸಮಾರಿಯದವನು, ನಿನಗೆ ದೆವ್ವ ಹಿಡಿದಿದೆ ಅಂತ (ಯೊವಾನ್ನ 8:48). ದೆವ್ವ ಹಿಡಿದಿಲ್ಲ ಅಂತ ಪ್ರಭು ಉತ್ತರ ಕೊಟ್ಟರು. ಸಮಾರಿಯದವನಲ್ಲ ಅಂತ ಮಾತ್ರ ಹೇಳಲೇ ಇಲ್ಲ. ಆ ಹೆಸರನ್ನು ಅವಮಾನ ಅಂತ ಅವರು ಎಣಿಸಲಿಲ್ಲ.

2. ಬೆಂಕಿ ಬೇಡಿದ ಇಬ್ಬರು

ಯೇಸುಸ್ವಾಮಿ ಕೊನೆಯ ಸಾರಿ ಜೆರುಸಲೇಮಿಗೆ ಹೊರಟಾಗ ಸುತ್ತುದಾರಿ ಹಿಡಿಯದೆ ಸಮಾರಿಯದ ಕಡೆಗೇ ಹೆಜ್ಜೆ ಇಟ್ಟರು ಅಂತ ಸಂತ ಲೂಕ ಹೇಳುತ್ತಾರೆ (ಲೂಕ 9:51-56). ಉಳಿದುಕೊಳ್ಳಲು ಜಾಗ ನೋಡಿಕೊಂಡು ಬರಲಿ ಅಂತ ಕೆಲವರನ್ನು ಮುಂದಾಗಿ ಒಂದು ಹಳ್ಳಿಗೆ ಕಳಿಸಿದರು. ಹಳ್ಳಿಯವರು ಒಪ್ಪಲಿಲ್ಲ. ಇವರು ಹೊರಟಿರುವುದು ಜೆರುಸಲೇಮಿಗೆ, ಅಂದ ಮೇಲೆ ನಮ್ಮ ಊರಲ್ಲಿ ಇವರಿಗೇನು ಕೆಲಸ ಅಂತ ಬಾಗಿಲು ಹಾಕಿದರು.

ಯಕೋಬ ಮತ್ತು ಯೊವಾನ್ನ ಎಂಬ ಅಣ್ಣತಮ್ಮಂದಿರಿಗೆ ಸಿಟ್ಟು ನೆತ್ತಿಗೇರಿತು. ಇವರಿಬ್ಬರಿಗೆ ಪ್ರಭುವೇ ಸಿಡಿಲ ಮಕ್ಕಳು ಎಂಬ ಅಡ್ಡಹೆಸರು ಇಟ್ಟಿದ್ದರು. ಆಕಾಶದಿಂದ ಬೆಂಕಿ ಬಿದ್ದು ಈ ಹಳ್ಳಿ ಸುಟ್ಟುಹೋಗುವಂತೆ ಪ್ರಾರ್ಥಿಸೋಣವೇ ಅಂತ ಇಬ್ಬರೂ ಕೇಳಿದರು. ಅವರ ಮಾತಿಗೆ ಆಧಾರ ಇಲ್ಲದೆ ಇರಲಿಲ್ಲ. ಪ್ರವಾದಿ ಎಲೀಯ ಹಿಂದೆ ಸಮಾರಿಯದ ಅರಸನ ಸೈನಿಕರ ಮೇಲೆ ಹೀಗೇ ಬೆಂಕಿ ತರಿಸಿದ ಕಥೆ ಗ್ರಂಥದಲ್ಲಿದೆ. ಅಂದರೆ ಈ ಶಿಷ್ಯರ ದ್ವೇಷಕ್ಕೆ ಪವಿತ್ರಗ್ರಂಥದ ಬೆಂಬಲವೂ ಇತ್ತು, ಪ್ರಾರ್ಥನೆಯ ವೇಷವೂ ಇತ್ತು. ಬೇರೆಯವರ ಮೇಲಿನ ಸಿಟ್ಟು ಬರೀ ಸಿಟ್ಟಾಗಿದ್ದಾಗ ಅದನ್ನು ಗುರುತಿಸುವುದು ಸುಲಭ. ಭಕ್ತಿಯ ಬಟ್ಟೆ ಹಾಕಿಕೊಂಡು ಬಂದಾಗ ಕಷ್ಟ.

ಪ್ರಭು ಹಿಂತಿರುಗಿ ನೋಡಿ ಆ ಇಬ್ಬರನ್ನು ಗದರಿದರು. ಹಳ್ಳಿಯವರನ್ನು ಗದರಲಿಲ್ಲ, ತಮ್ಮವರನ್ನೇ ಗದರಿದರು. ಆಮೇಲೆ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು. ಶಾಪವಿಲ್ಲ, ಜಗಳವಿಲ್ಲ, ಬಲವಂತವೂ ಇಲ್ಲ. ಬೇಡ ಅಂದವರ ಬಾಗಿಲ ಮುಂದೆ ಪ್ರಭು ಮಾಡಿದ್ದು ಇಷ್ಟೇ.

3. ಜೆರಿಕೊ ದಾರಿಯಲ್ಲಿ

ಲೂಕರ ಶುಭಸಂದೇಶದಲ್ಲಿ ಒಂದು ಪುಟ ತಿರುಗಿಸಿದರೆ ಎಲ್ಲರಿಗೂ ಗೊತ್ತಿರುವ ಸಾಮತಿ ಬರುತ್ತದೆ (ಲೂಕ 10:25-37). ಬೆಂಕಿ ಬೇಡಿದವರ ಬಾಯಿಯ ಬಿಸಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಪ್ರಭು ಒಬ್ಬ ಸಮಾರಿಯದವನನ್ನು ಕಥೆಯ ನಾಯಕನನ್ನಾಗಿ ಮಾಡಿದರು.

ಒಬ್ಬ ಧರ್ಮಶಾಸ್ತ್ರಿ ಕೇಳಿದ ಪ್ರಶ್ನೆಯಿಂದ ಕಥೆ ಹುಟ್ಟಿತು. ದೇವರನ್ನೂ ನೆರೆಯವನನ್ನೂ ಪ್ರೀತಿಸಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಬೇಕಾಗಿದ್ದು ಗಡಿ. ನೆರೆಯವನು ಅಂದರೆ ಯಾರು, ಎಲ್ಲಿಯ ತನಕ, ಯಾರನ್ನು ಸೇರಿಸಬೇಕು, ಯಾರನ್ನು ಬಿಡಬಹುದು ಎಂಬ ಲೆಕ್ಕ.

ಜೆರುಸಲೇಮಿನಿಂದ ಜೆರಿಕೊಗೆ ಸುಮಾರು 27 ಕಿಲೋಮೀಟರ್. ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಜೆರಿಕೊ ಸುಮಾರು 250 ಮೀಟರ್ ಕೆಳಗಿದೆ. ಒಂದು ಸಾವಿರ ಮೀಟರಿನ ಇಳಿಜಾರು, ಇಕ್ಕೆಲದಲ್ಲೂ ಬೋಳು ಗುಡ್ಡ, ಬಂಡೆ, ಕಂದರ. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಬೆಟ್ಟದ ಮೇಲಿನ ದೇವಾಲಯದ ಊರಿನಿಂದ ಕೆಳಗಿಳಿಯುತ್ತಿದ್ದ ಒಬ್ಬ ಮನುಷ್ಯ ಅಲ್ಲಿ ಕಳ್ಳರ ಕೈಗೆ ಸಿಕ್ಕಿದ. ಅವರು ಅವನ ಬಟ್ಟೆಯನ್ನೂ ಬಿಡಲಿಲ್ಲ. ಹೊಡೆದು, ಅರೆಜೀವ ಮಾಡಿ ಹೋದರು.

ಬಟ್ಟೆ ಇಲ್ಲ, ಬಾಯಲ್ಲಿ ಮಾತಿಲ್ಲ. ಆ ಕಾಲದಲ್ಲಿ ಮನುಷ್ಯ ಯಾವ ಜನ ಅಂತ ಗೊತ್ತಾಗುತ್ತಿದ್ದದ್ದು ಉಡುಪಿನಿಂದ, ಮಾತಿನ ಧಾಟಿಯಿಂದ. ಇವನ ಹತ್ತಿರ ಎರಡೂ ಇರಲಿಲ್ಲ. ಅವನು ಬರೀ ಮನುಷ್ಯನಾಗಿ ಬಿದ್ದಿದ್ದ. ಒಬ್ಬ ಯಾಜಕ ನೋಡಿದ, ಆಚೆ ಬದಿಯಿಂದ ಹೋದ. ಒಬ್ಬ ಲೇವಿಯ ನೋಡಿದ, ಅವನೂ ಹಾಗೇ ಹೋದ. ಇವರು ಕೆಟ್ಟವರು ಅಂತ ಕಥೆ ಹೇಳುವುದಿಲ್ಲ. ಹೆದರಿದ್ದರೋ, ಹೆಣ ಮುಟ್ಟಿದರೆ ಮೈಲಿಗೆ ಅಂದುಕೊಂಡರೋ, ಹೊತ್ತಾಯಿತು ಅಂತ ಅವಸರದಲ್ಲಿದ್ದರೋ, ಪ್ರಭು ಹೇಳಲಿಲ್ಲ. ಕಾರಣ ಏನಿದ್ದರೂ ಬಿದ್ದವನು ಬಿದ್ದೇ ಇದ್ದ.

ಮೂರನೆಯವನು ಸಮಾರಿಯದವನು. ಅವನ ಕರುಣೆಯನ್ನು ಪ್ರಭು ಎಷ್ಟು ವಿವರವಾಗಿ ಹೇಳಿದ್ದಾರೆ ನೋಡಬೇಕು. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಸವಾರಿಯ ಮೇಲೆ ಕೂರಿಸಿದ, ಅಂದರೆ ತಾನು ನಡೆದ. ಛತ್ರಕ್ಕೆ ಕರೆತಂದು ರಾತ್ರಿ ಆರೈಕೆ ಮಾಡಿದ. ಮಾರನೆಯ ದಿನ ಛತ್ರದವನಿಗೆ ಎರಡು ಬೆಳ್ಳಿನಾಣ್ಯ ಕೊಟ್ಟ. ಒಂದು ನಾಣ್ಯ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆ ಅಂದ. ಯೆಹೂದ್ಯರ ನಾಡಿನಲ್ಲಿ, ಅವರದೇ ದಾರಿಯಲ್ಲಿ, ಗಾಯಗೊಂಡವನನ್ನು ಹೊತ್ತು ತಂದ ಸಮಾರಿಯದವನ ಮೇಲೆ ಅನುಮಾನ ಬರುವುದಿಲ್ಲವೆ? ಇವನೇ ಹೊಡೆದಿರಬಹುದು ಅಂತ ಜನ ಅಂದುಕೊಳ್ಳುವುದಿಲ್ಲವೆ? ಆ ಅಪಾಯವನ್ನೂ ಅವನು ತಲೆಯ ಮೇಲೆ ಹೊತ್ತುಕೊಂಡ.

ಕೊನೆಗೆ ಪ್ರಭು ಕೇಳಿದ ಪ್ರಶ್ನೆ ಧರ್ಮಶಾಸ್ತ್ರಿಯ ಪ್ರಶ್ನೆಯನ್ನು ತಿರುಗಿಸಿಬಿಟ್ಟಿತು. ನನ್ನ ನೆರೆಯವನು ಯಾರು ಅಂತ ಅವನು ಕೇಳಿದ್ದ. ಬಿದ್ದವನಿಗೆ ನೆರೆಯವನಾದವನು ಯಾರು ಅಂತ ಪ್ರಭು ಕೇಳಿದರು. ಶಾಸ್ತ್ರಿಗೆ ಉತ್ತರ ಗೊತ್ತಾಯಿತು, ಆದರೆ 'ಸಮಾರಿಯದವನು' ಎಂಬ ಮಾತು ನಾಲಿಗೆಯ ಮೇಲೆ ಬರಲಿಲ್ಲ. ದಯೆ ತೋರಿಸಿದವನು ಅಂತ ಬಳಸಿ ಹೇಳಿದ. ದ್ವೇಷ ಎಷ್ಟು ಆಳಕ್ಕೆ ಇಳಿದಿರುತ್ತದೆ ಅಂದರೆ ಒಳ್ಳೆಯತನವನ್ನು ಒಪ್ಪಿಕೊಂಡ ಮೇಲೂ ಹೆಸರು ಹೇಳಲು ಬಾಯಿ ಬರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಮಾರಿಯದವನಿಗೆ ಸಹಾಯ ಮಾಡಿ ಅಂತ ಪ್ರಭು ಕಥೆ ಹೇಳಬಹುದಾಗಿತ್ತು. ಹಾಗಾಗಿದ್ದರೆ ಕೇಳುವವರು ತಾವು ದೊಡ್ಡವರು, ಅವರು ಪಾಪದವರು ಅಂದುಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಕಥೆಯಲ್ಲಿ ಕೊಡುವವನೇ ಸಮಾರಿಯದವನು. ಬಿದ್ದವನ ಜಾಗದಲ್ಲಿ ನಿಂತು, ಅಲ್ಲ, ಮಲಗಿ ನೋಡಬೇಕಾದವರು ಕೇಳುಗರು.

4. ಬಾವಿಯ ಹತ್ತಿರ ಕೇಳಿದ ನೀರು

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೇ ಅಧ್ಯಾಯದಲ್ಲಿ ಪ್ರಭು ಗೆರಿಜಿಮ್ ಬೆಟ್ಟದ ಬುಡದಲ್ಲೇ ಇದ್ದಾರೆ. ಅಲ್ಲಿ ಪಿತಾಮಹ ಯಕೋಬನ ಬಾವಿ. ಆ ಬಾವಿ ಈಗಲೂ ಇದೆ, ಸುಮಾರು 40 ಮೀಟರ್ ಆಳ, ಅದರ ಮೇಲೆ ಒಂದು ಗ್ರೀಕ್ ಆರ್ಥೊಡಾಕ್ಸ್ ದೇವಾಲಯವಿದೆ. ನಡು ಮಧ್ಯಾಹ್ನ, ನಡೆದು ದಣಿದಿದ್ದ ಪ್ರಭು ಬಾವಿಯ ಹತ್ತಿರ ಕೂತಿದ್ದರು. ನೀರು ಸೇದಲು ಒಬ್ಬ ಹೆಂಗಸು ಬಂದಳು. ಕುಡಿಯಲು ನೀರು ಕೊಡು ಅಂತ ಪ್ರಭು ಕೇಳಿದರು.

ಆಕೆಗೆ ಆಶ್ಚರ್ಯ. ಯೆಹೂದ್ಯರು ಸಮಾರಿಯದವರ ಪಾತ್ರೆ ಮುಟ್ಟುತ್ತಿರಲಿಲ್ಲ, ಹೊಕ್ಕು ಬಳಕೆ ಇರಲಿಲ್ಲ. ಈ ಮಾತು ಕನ್ನಡ ನಾಡಿನ ಯಾತ್ರಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾವಿ, ಕೊಡ, ಮೈಲಿಗೆ. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ. ಅಂಗೈಗೆ ಮೇಲಿನಿಂದ ಹೊಯ್ಯುವ ನೀರು. ಇವೆಲ್ಲ ಇಲ್ಲಿನ ಹಳ್ಳಿಗಳು ಕಂಡದ್ದೇ. ಪ್ರಭು ಆಕೆಗೆ ಉಪದೇಶ ಶುರು ಮಾಡುವ ಮೊದಲು ಆಕೆಯ ಕೊಡದ ನೀರು ಬೇಡಿದರು. ಕೊಡುವುದಕ್ಕಿಂತ ಮೊದಲು ಕೈ ಚಾಚಿದರು.

ಮಾತು ಬೆಳೆದಂತೆ ಆಕೆ ಎರಡು ಬೆಟ್ಟಗಳ ಹಳೇ ಪ್ರಶ್ನೆ ಎತ್ತಿದಳು. ನಮ್ಮ ಪೂರ್ವಿಕರು ಆರಾಧಿಸಿದ್ದು ಈ ಬೆಟ್ಟದ ಮೇಲೆ, ನೀವು ಜೆರುಸಲೇಮೇ ಸರಿ ಅನ್ನುತ್ತೀರಿ, ಯಾವುದು ನಿಜ? ಪ್ರಭು ಮುಖಸ್ತುತಿ ಮಾಡಲಿಲ್ಲ. ಉದ್ಧಾರ ಬರುವುದು ಯೆಹೂದ್ಯರಿಂದಲೇ ಎಂಬ ತಮ್ಮ ವಿಶ್ವಾಸವನ್ನು ಮುಚ್ಚಿಡದೆ ಹೇಳಿದರು. ಅದರ ಜೊತೆಗೇ, ಈ ಬೆಟ್ಟವೂ ಅಲ್ಲ, ಆ ಬೆಟ್ಟವೂ ಅಲ್ಲ, ಪಿತದೇವರನ್ನು ಆತ್ಮದಲ್ಲಿಯೂ ಸತ್ಯದಲ್ಲಿಯೂ ಆರಾಧಿಸುವ ಕಾಲ ಬಂದಿದೆ ಅಂದರು. ಹಾಗಾದರೆ ಬೆಟ್ಟ ಹತ್ತುವುದು ವ್ಯರ್ಥವೆ? ವ್ಯರ್ಥವಲ್ಲ. ಬೆಟ್ಟ ದೇವರ ಕಡೆಗೆ ಏಣಿಯಾದರೆ ಒಳ್ಳೆಯದು, ಇನ್ನೊಬ್ಬರ ಎದುರಿಗೆ ಗೋಡೆಯಾದರೆ ಕೆಟ್ಟದ್ದು.

ಆಕೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿ ಎಲ್ಲರನ್ನೂ ಕರೆತಂದಳು. ಊರವರ ಒತ್ತಾಯಕ್ಕೆ ಪ್ರಭು ಎರಡು ದಿನ ಅಲ್ಲೇ ಉಳಿದರು. ಉಳಿದರು ಅಂದರೆ ಅವರ ಮನೆಯಲ್ಲಿ ಉಂಡರು, ಅವರ ಚಾಪೆಯ ಮೇಲೆ ಮಲಗಿದರು ಅಂತಲೇ ಅರ್ಥ. ಪೂರ್ವದ ಧರ್ಮಸಭೆಗಳು ಈ ಹೆಂಗಸನ್ನು ಫೋಟಿನಿ ಎಂಬ ಹೆಸರಿನಲ್ಲಿ ಸಂತಳೆಂದು ಗೌರವಿಸುತ್ತವೆ.

5. ಅದೇ ಯೊವಾನ್ನ, ಅದೇ ಸಮಾರಿಯ

ಇನ್ನೊಂದು ಘಟನೆ ಚಿಕ್ಕದು. ಹತ್ತು ಜನ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದು ಪಾದಕ್ಕೆ ಬಿದ್ದವನು ಒಬ್ಬನೇ, ಅವನು ಸಮಾರಿಯದವನು (ಲೂಕ 17:11-19). ರೋಗ ಇದ್ದಷ್ಟು ದಿನ ಯೆಹೂದ್ಯ, ಸಮಾರಿಯದವ ಎಂಬ ಭೇದ ಇಲ್ಲದೆ ಹತ್ತೂ ಜನ ಒಟ್ಟಿಗೇ ಇದ್ದರು. ಕಷ್ಟ ಜನರನ್ನು ಕೂಡಿಸುತ್ತದೆ. ಕಷ್ಟ ಕಳೆದ ಮೇಲೂ ಕೂಡಿ ಇರುವುದು ದೊಡ್ಡ ಮಾತು.

ಇಷ್ಟೆಲ್ಲ ಕಲಿಸಿದರೂ, ಹನ್ನೆರಡು ಜನರನ್ನು ಮೊದಲ ಸಾರಿ ಸಾರಲು ಕಳಿಸಿದಾಗ ಸಮಾರಿಯದ ಊರುಗಳಿಗೆ ಹೋಗಬೇಡಿ ಅಂತ ಪ್ರಭು ಹೇಳಿದ್ದರು (ಮತ್ತಾಯ 10:5). ಇದು ಓದುಗರಿಗೆ ತೊಡಕು ಅನ್ನಿಸಬಹುದು. ಆ ಮೊದಲ ಕಳಿಸುವಿಕೆ ಇಸ್ರಯೇಲಿನ ಮನೆಯವರಿಗೆ ಮಾತ್ರ ಮೀಸಲಾಗಿತ್ತು. ಬೆಂಕಿ ಬೇಡುವ ಮನಸ್ಸಿನವರನ್ನು ಅಲ್ಲಿಗೆ ಕಳಿಸಲು ಕಾಲ ಇನ್ನೂ ಬಂದಿರಲಿಲ್ಲ ಅಂತಲೂ ಯೋಚಿಸಬಹುದು. ಪುನರುತ್ಥಾನದ ಮೇಲೆ ಅದೇ ಪ್ರಭು ಸಾಕ್ಷಿಗಳಾಗಿ ಹೋಗಬೇಕಾದ ಜಾಗಗಳಲ್ಲಿ ಸಮಾರಿಯದ ಹೆಸರನ್ನು ಎತ್ತಿ ಹೇಳಿದರು.

ಆಮೇಲೆ ನಡೆದದ್ದು ಪ್ರೇಷಿತರ ಕಾರ್ಯಕಲಾಪಗಳ ಎಂಟನೇ ಅಧ್ಯಾಯದಲ್ಲಿದೆ. ಜೆರುಸಲೇಮಿನಲ್ಲಿ ಹಿಂಸೆ ಶುರುವಾಯಿತು. ಚದುರಿ ಓಡಿದವರಲ್ಲಿ ಫಿಲಿಪ್ಪ ಸಮಾರಿಯಕ್ಕೆ ಹೋಗಿ ಸಾರಿದ, ಜನ ಒಪ್ಪಿ ಸ್ನಾನದೀಕ್ಷೆ ಪಡೆದರು. ಸುದ್ದಿ ತಿಳಿದ ಪ್ರೇಷಿತರು ಇಬ್ಬರನ್ನು ಅಲ್ಲಿಗೆ ಕಳಿಸಿದರು. ಒಬ್ಬರು ಪೇತ್ರ. ಇನ್ನೊಬ್ಬರು ಯೊವಾನ್ನ.

ಅದೇ ಯೊವಾನ್ನ. ಸಮಾರಿಯದ ಮೇಲೆ ಆಕಾಶದ ಬೆಂಕಿ ಬೀಳಲಿ ಅಂದವನು, ಈಗ ಸಮಾರಿಯದವರ ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮರಿಗಾಗಿ ಪ್ರಾರ್ಥಿಸಿದ. ಮೇಲಿನಿಂದ ಇಳಿದು ಬಂತು ನಿಜ, ಆದರೆ ಸುಡುವ ಬೆಂಕಿಯಲ್ಲ. ಹಿಂತಿರುಗುವಾಗ ಇಬ್ಬರೂ ದಾರಿಯ ಹಲವು ಸಮಾರಿಯದ ಹಳ್ಳಿಗಳಲ್ಲಿ ಶುಭಸಂದೇಶ ಸಾರುತ್ತಾ ಬಂದರು. ಒಂದು ಕಾಲಕ್ಕೆ ಬಾಗಿಲು ಹಾಕಿದ್ದ ಹಳ್ಳಿಯೂ ಅದರಲ್ಲಿ ಇದ್ದಿರಬಹುದು. ಅಂದು ಯೊವಾನ್ನನ ಪ್ರಾರ್ಥನೆ ಫಲಿಸಿದ್ದರೆ ಸಾರುವುದಕ್ಕೆ ಅಲ್ಲಿ ಯಾರು ಉಳಿದಿರುತ್ತಿದ್ದರು?

ಬಾವಿಯ ಹತ್ತಿರದ ಹೆಂಗಸಿನ ಕಥೆ ಬರೆದದ್ದು ಇದೇ ಯೊವಾನ್ನ ಅಂತ ಧರ್ಮಸಭೆಯ ಪರಂಪರೆ ಹೇಳುತ್ತದೆ. ನಾಲ್ಕು ಶುಭಸಂದೇಶಗಳಲ್ಲಿ ಆ ಘಟನೆ ಇರುವುದು ಅವರದರಲ್ಲಿ ಮಾತ್ರ. ಮನುಷ್ಯನ ಮನಸ್ಸು ಬದಲಾಗುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

6. ಮರೆತುಹೋದ ಪಾಠ

ಪಾಠವನ್ನು ಕಲಿತವರೇ ಮರೆತರು ಎಂಬುದನ್ನೂ ಇಲ್ಲಿ ಹೇಳಬೇಕು. ಕ್ರಿ.ಶ. 484ರಲ್ಲಿ ಸಮಾರಿಯದವರು ದಂಗೆ ಎದ್ದಾಗ ಕ್ರೈಸ್ತ ಚಕ್ರವರ್ತಿ ಝೀನೊ ಅದನ್ನು ಅಡಗಿಸಿ, ಅವರನ್ನು ಗೆರಿಜಿಮ್ ಬೆಟ್ಟದಿಂದಲೇ ಹೊರಗಟ್ಟಿದ. ಅವರ ಪವಿತ್ರ ಸ್ಥಳದಲ್ಲಿ ಎಂಟು ಮೂಲೆಯ ಒಂದು ದೇವಾಲಯ ಕಟ್ಟಿಸಿ ಅದನ್ನು ದೇವಮಾತೆ ಮರಿಯಮ್ಮನವರಿಗೆ ಅರ್ಪಿಸಿದ. 529ರಲ್ಲಿ ಮತ್ತೆ ದಂಗೆಯಾಯಿತು, ಚಕ್ರವರ್ತಿ ಜಸ್ಟಿನಿಯನ್ ಅದನ್ನು ರಕ್ತದಲ್ಲಿ ಮುಳುಗಿಸಿದ. ದೇವಮಾತೆಯ ಹೆಸರಿನ ಆ ದೇವಾಲಯ ಇಂದು ಪಾಳುಬಿದ್ದಿದೆ. ನೆರೆಯವರನ್ನು ಓಡಿಸಿ ಕಟ್ಟಿದ ಗುಡಿ ತಾಯಿಗೆ ಪ್ರಿಯವಾಗಿತ್ತೆ ಅಂತ ಆ ಅಡಿಪಾಯದ ಕಲ್ಲುಗಳೇ ಕೇಳುವಂತಿದೆ.

ಸಮಾರಿಯದವರು ಮಾತ್ರ ಅಳಿಯಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವರ ಸಂಖ್ಯೆ 150ರ ಆಸುಪಾಸಿಗೆ ಇಳಿದಿತ್ತು. ಈಗ ಎಂಟು ನೂರಕ್ಕೂ ಹೆಚ್ಚು ಜನ ಇದ್ದಾರೆ. ಕೆಲವರು ಗೆರಿಜಿಮ್ ಬೆಟ್ಟದ ಮೇಲಿನ ಹಳ್ಳಿಯಲ್ಲಿ, ಉಳಿದವರು ಟೆಲ್ ಅವಿವ್ ಹತ್ತಿರದ ಹೊಲೋನ್ ಪಟ್ಟಣದಲ್ಲಿ. ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಬೆಟ್ಟದ ಮೇಲೆ ಕೂಡಿ ಕುರಿಮರಿಯ ಬಲಿ ಅರ್ಪಿಸುತ್ತಾರೆ.

ದೂರದ ಚಕ್ರವರ್ತಿಗಳನ್ನು ದೂರಿದರೆ ಸಾಲದು. ಭಾರತದ ಕ್ರೈಸ್ತರಲ್ಲಿಯೂ ಜಾತಿಯ ಗೋಡೆ ಎದ್ದಿತ್ತು. ದಕ್ಷಿಣ ಭಾರತದ ಕೆಲವೆಡೆ ದೇವಾಲಯದೊಳಗೇ ಬೇರೆ ಸಾಲು, ಸತ್ತ ಮೇಲೂ ಬೇರೆ ಸಮಾಧಿಭೂಮಿ. ಒಂದೇ ರೊಟ್ಟಿಯಲ್ಲಿ ಪಾಲು ಪಡೆದವರು ಒಂದೇ ಬೆಂಚಿನಲ್ಲಿ ಕೂರಲಿಲ್ಲ. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದು, ಸಭೆಯೊಳಗೆ ಇಂಥ ಭೇದ ಇದೆ ಎಂಬುದನ್ನು ಒಪ್ಪಿಕೊಂಡಿತು, ಅದನ್ನು ತೊಡೆಯಬೇಕೆಂದು ಕರೆ ಕೊಟ್ಟಿತು. ಪೋಪ್ ಫ್ರಾನ್ಸಿಸರು 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಹಾಕಿದ 'ಫ್ರತೆಲ್ಲಿ ತುತ್ತಿ' ಎಂಬ ವಿಶ್ವಪತ್ರದಲ್ಲಿ ಒಂದು ಇಡೀ ಅಧ್ಯಾಯವನ್ನು ಜೆರಿಕೊ ದಾರಿಯ ಸಮಾರಿಯದವನಿಗೇ ಮೀಸಲಿಟ್ಟರು.

ಕನ್ನಡ ನಾಡಿನಲ್ಲಿ ಒಳ್ಳೆಯ ನೆನಪುಗಳೂ ಇವೆ. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೂ, ಬೆಂಗಳೂರು ಶಿವಾಜಿನಗರದ ಮರಿಯಮ್ಮನವರ ಹಬ್ಬಕ್ಕೂ ಎಲ್ಲ ಧರ್ಮದವರೂ ಬರುತ್ತಾರೆ. ಹರಕೆ ಹೊತ್ತು ಬಂದ ಬೇರೆ ಧರ್ಮದ ತಾಯಿ ಅಲ್ಲಿ ಅತಿಥಿ ಅಲ್ಲ, ಮನೆಯವಳು.

7. ಅಪ್ಪಿಕೊಳ್ಳುವುದು ಅಂದರೆ

ಮೇಲಿನ ಘಟನೆಗಳಿಂದ ಯಾತ್ರಿಕರು ಮನೆಗೆ ಕೊಂಡೊಯ್ಯಬಹುದಾದ ಮಾತುಗಳು ಇವು.

ಒಂದು, ಹತ್ತಿರ ಹೋಗುವುದು. ಯಾಜಕನೂ ನೋಡಿದ, ಲೇವಿಯನೂ ನೋಡಿದ, ಸಮಾರಿಯದವನೂ ನೋಡಿದ. ವ್ಯತ್ಯಾಸ ಇದ್ದದ್ದು ಕಣ್ಣಿನಲ್ಲಲ್ಲ, ಕಾಲಿನಲ್ಲಿ.

ಎರಡು, ಅವರ ಕೈಯಿಂದ ಪಡೆಯುವುದು. ಬೇರೆಯವರಿಗೆ ಕೊಡುವುದು ಸುಲಭ, ಕೊಟ್ಟ ಕೈ ಯಾವಾಗಲೂ ಮೇಲೇ ಇರುತ್ತದೆ. ಅವರ ಮನೆಯ ನೀರು ಕುಡಿದಾಗ, ಅವರ ತಟ್ಟೆಯಲ್ಲಿ ಉಂಡಾಗ ಎರಡು ಕೈಗಳೂ ಸಮ ಆಗುತ್ತವೆ.

ಮೂರು, ವಿಶ್ವಾಸವನ್ನು ಬಚ್ಚಿಡದೇ ಇರುವುದು. ಪ್ರೀತಿಸಬೇಕಾದರೆ ನಂಬಿದ್ದನ್ನೆಲ್ಲ ಬಿಡಬೇಕು ಅಂತ ಕೆಲವರು ಹೆದರುತ್ತಾರೆ. ಪ್ರಭು ಬಾವಿಯ ಹತ್ತಿರ ಒಂದನ್ನೂ ಬಿಡಲಿಲ್ಲ. ಭಿನ್ನಾಭಿಪ್ರಾಯ ಹಾಗೇ ಇತ್ತು, ನೀರೂ ಕೇಳಿದರು, ಎರಡು ದಿನವೂ ಉಳಿದರು.

ನಾಲ್ಕು, ಬೇಡ ಅಂದವರನ್ನು ಶಪಿಸದೇ ಇರುವುದು. ಚಾಚಿದ ಕೈಯನ್ನು ಎಲ್ಲರೂ ಹಿಡಿಯುವುದಿಲ್ಲ. ನೋವಾಗುತ್ತದೆ, ನಿಜ. ಆಗ ಮುಂದಿನ ಹಳ್ಳಿಗೆ ನಡೆದರಾಯಿತು. ಕಾಲ ಬದಲಾಗಬಹುದು, ಯೊವಾನ್ನನಿಗೂ ಬದಲಾಯಿತು, ಹಳ್ಳಿಗಳಿಗೂ ಬದಲಾಯಿತು.

ಐದು, ಖರ್ಚಿಗೆ ಸಿದ್ಧವಾಗಿರುವುದು. ಎಣ್ಣೆ, ದ್ರಾಕ್ಷಾರಸ, ಎರಡು ನಾಣ್ಯ, ಒಂದು ರಾತ್ರಿ, ಮತ್ತೆ ಬರುತ್ತೇನೆ ಎಂಬ ಮಾತು. ಏನೂ ಖರ್ಚಾಗದ ಪ್ರೀತಿ ಬರೀ ಅನಿಸಿಕೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಗಾದೆ. ಎಲ್ಲೋ ಇರುವ ಬಡವರನ್ನು, ಎಲ್ಲೋ ನರಳುವ ನಿರಾಶ್ರಿತರನ್ನು ಪ್ರೀತಿಸುವುದು ಆ ನುಣ್ಣನೆಯ ಬೆಟ್ಟದ ಹಾಗೆ. ಹತ್ತಿರದ ಬೆಟ್ಟದಲ್ಲೇ ಕಲ್ಲು ಮುಳ್ಳು ಇರುವುದು. ಬೇರೆ ಜಾತಿಯಿಂದ ಬಂದ ಸೊಸೆ. ಬೇರೆ ಸಭೆಗೆ ಸೇರಿಕೊಂಡ ತಮ್ಮ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಬೇರೆ ಧರ್ಮದ ಸಂಸಾರ. ಊರಿನಲ್ಲಿ ರಸ್ತೆ ಕೆಲಸಕ್ಕೆ ಬಂದಿರುವ, ಭಾಷೆ ಬಾರದ ಉತ್ತರದ ಕೂಲಿಗಳು. ಪ್ರತಿ ಮನೆಗೂ ತನ್ನದೇ ಒಂದು ಸಮಾರಿಯ ಇದೆ, ಹೆಸರು ಮಾತ್ರ ಬೇರೆ.

ಬೆಟ್ಟ ಇಳಿಯುವ ಮುನ್ನ ಧ್ಯಾನಕ್ಕೆ

ಯಾರ ಹೆಸರು ಹೇಳಲು ನಾಲಿಗೆ ಹಿಂಜರಿಯುತ್ತದೆ?

ಯಾರ ಮನೆಯ ನೀರನ್ನು ಇದುವರೆಗೆ ಕುಡಿದಿಲ್ಲ? ಯಾಕೆ?

ಯಾರ ಮೇಲಾದರೂ ಬೆಂಕಿ ಬೀಳಲಿ ಅಂತ ಮನಸ್ಸಿನಲ್ಲೇ ಪ್ರಾರ್ಥಿಸಿದ್ದುಂಟೆ?

ತಾವು ಬಿದ್ದಿದ್ದಾಗ ಎತ್ತಿದವರಲ್ಲಿ ತಮ್ಮವರಲ್ಲದವರು ಯಾರಿದ್ದರು?

ಈ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಸಿಗಬೇಕೆಂದಿಲ್ಲ. ಜೆರಿಕೊ ದಾರಿಯ ಕಥೆ ನಡೆದದ್ದು ದೇವಾಲಯದಲ್ಲಲ್ಲ, ದೇವಾಲಯದ ಊರಿನಿಂದ ಇಳಿಯುವ ದಾರಿಯಲ್ಲಿ. ಯಾತ್ರೆಯ ಅರ್ಧ ಹತ್ತುವುದರಲ್ಲಿದೆ, ಇನ್ನರ್ಧ ಇಳಿಯುವುದರಲ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು ತಮ್ಮ ಬಾಟಲಿಯ ನೀರು ಚಾಚಿದಾಗ, ಯಾವ ಪೈಕಿ ಅಂತ ಕೇಳುವ ಮೊದಲು ಒಂದು ಗುಟುಕು ಕುಡಿದರೆ ಸಾಕು. ಪಾಠ ಅಲ್ಲಿಂದ ಶುರುವಾಗುತ್ತದೆ.

ಪ್ರಾರ್ಥನೆ

ಪ್ರಭು ಯೇಸುವೇ, ಸಮಾರಿಯದ ಹೆಂಗಸಿನ ಬಳಿ ನೀರು ಬೇಡಿದವರು ನೀವು. ಬೆಂಕಿ ಬೇಡುವ ನಮ್ಮ ಬಾಯನ್ನು ಗದರಿರಿ. ಹಿಂದೆ ಸರಿಯುವ ನಮ್ಮ ಅರ್ಧ ಹೆಜ್ಜೆಯನ್ನು ಮುಂದಕ್ಕೆ ತಿರುಗಿಸಿರಿ. ನಮ್ಮವರಲ್ಲ ಅಂತ ನಾವು ಬಿಟ್ಟವರು ನಿಮ್ಮವರು ಎಂಬುದನ್ನು ಮರೆಯದಂತೆ ಮಾಡಿರಿ. ಆಮೆನ್.